ಟೆರೇಸ್ ಮೇಲಿನ ಮಲ್ಲಿಗೆ: ಪುಷ್ಯದಲ್ಲಿ ಕತ್ತರಿ, ಚೈತ್ರದಲ್ಲಿ ಹೂವು

ಕುಂಡದ ಮಲ್ಲಿಗೆ ಹಸಿರಾಗಿ ಹಬ್ಬಿಕೊಂಡಿದೆ, ಹೂವು ಮಾತ್ರ ಬಿಡುತ್ತಿಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ಚಳಿಗಾಲದಲ್ಲಿ ಕತ್ತರಿ ಹಾಕಿದ್ರಾ ಅಂತ ನಾನು ಮೊದಲು ಕೇಳುತ್ತೇನೆ. ಹೆಚ್ಚಿನವರು ಹಾಕಿರುವುದಿಲ್ಲ. ಅಷ್ಟು ಸೊಂಪಾಗಿ ಬೆಳೆದ ಗಿಡವನ್ನು ಕಡಿಯಲು ಮನಸ್ಸಾದರೂ ಹೇಗೆ ಬರುತ್ತದೆ, ಅಲ್ವಾ? ಆದರೆ ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ಹಳೇ ಕೊಂಬೆ ಎಷ್ಟು ಉದ್ದ ಇದ್ದರೇನು, ಹೊಸ ಚಿಗುರು ಒಡೆಯದಿದ್ದರೆ ಹೂವಿಲ್ಲ.

ನಾನು ಬೆಂಗಳೂರಿನ ನಮ್ಮ ಮನೆ ಟೆರೇಸ್ ಮೇಲೆ ಬೆಳೆಸುವುದು ಉಡುಪಿ ಮಲ್ಲಿಗೆ. ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ಇರುವ ದೊಡ್ಡಮ್ಮ ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಕಡ್ಡಿಗಳಿಂದ ಶುರುವಾದದ್ದು. ಆ ಕಡೆ ಮಲ್ಲಿಗೆ ಅಂದರೆ ಸುಮ್ನೆ ಚಂದಕ್ಕೆ ಬೆಳೆಸುವ ಹೂವಲ್ಲ. ಮನೆ ಅಂಗಳದಲ್ಲೇ ಗಿಡ ಇರುತ್ತವೆ, ಹೆಂಗಸರು ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಮಾರಾಟಕ್ಕೆ ಕೊಡುತ್ತಾರೆ, ಆ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದವರು ಎಷ್ಟೋ ಮಂದಿ. ಮಾರುವ ಲೆಕ್ಕ ಹೀಗೆ: ಸುಮಾರು 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಜೊತೆಗೆ ಇದಕ್ಕೂ ಜಿಐ ಟ್ಯಾಗ್, ಅಂದರೆ ಇಂಥ ಊರಿನದೇ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ. ನಿಮಗೆ ಉಡುಪಿ ಕಡ್ಡಿ ಸಿಗದಿದ್ದರೆ ಬೇಸರ ಬೇಡ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಸಿಗುವ ದುಂಡು ಮಲ್ಲಿಗೆಗೂ ಇದೇ ಆರೈಕೆ ಸಾಕು.

ಕುಂಡ ಅಗಲವಾಗಿರಲಿ, 15 ಇಂಚಿನ ಗ್ರೋ ಬ್ಯಾಗ್ ಆದರೂ ನಡೆಯುತ್ತದೆ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಸ್ವಲ್ಪ ಮರಳು, ಕೆಳಗೆ ನೀರು ಹರಿದು ಹೋಗಲು ತೂತು. ಬಿಸಿಲು ಮಾತ್ರ ದಿನಕ್ಕೆ 6 ಗಂಟೆಯಾದರೂ ಬೇಕೇ ಬೇಕು. ನೆರಳಲ್ಲಿಟ್ಟ ಮಲ್ಲಿಗೆ ಎಲೆ ಬಿಡುತ್ತದೆ, ಅಷ್ಟೇ.

ಇನ್ನು ಕತ್ತರಿಯ ವಿಷಯ. ಡಿಸೆಂಬರ್ ಬಂತೆಂದರೆ ನೀರು ಕಡಿಮೆ ಮಾಡುತ್ತೇನೆ. ಚಳಿಗೆ ಗಿಡವೂ ಮಂಕಾಗಿರುತ್ತದೆ, ಹೂವು ನಿಂತಿರುತ್ತದೆ, ಮಾರ್ಕೆಟ್‌ನಲ್ಲೂ ಆಗ ವಾಸನೆಯಿಲ್ಲದ ಕಾಕಡದ್ದೇ ರಾಜ್ಯ. ಎರಡು ವಾರ ಹಾಗೆ ಒಣಗಲು ಬಿಟ್ಟರೆ ಎಲೆ ಸ್ವಲ್ಪ ಜೋತು ಬೀಳುತ್ತದೆ, ಕೆಲವು ಹಳದಿಯಾಗಿ ಉದುರುತ್ತವೆ. ಗಾಬರಿ ಬೇಡ. ಪೂರ್ತಿ ಸುಟ್ಟುಹೋಗುವಷ್ಟು ಒಣಗಿಸಬಾರದು, ಆಗಾಗ ಒಂದು ಚೊಂಬು ನೀರು ಕೊಟ್ಟರೆ ಜೀವ ಹಿಡಿದುಕೊಳ್ಳುತ್ತದೆ. ಜನವರಿಯಲ್ಲಿ, ಸಂಕ್ರಾಂತಿಯ ಹಿಂದೆ ಮುಂದೆ, ಕತ್ತರಿ ತೆಗೆಯುತ್ತೇನೆ. "ಹೆದರಬೇಡ ಮಗಾ, ಮೊಣಕಾಲೆತ್ತರಕ್ಕೆ ಇಳಿಸು" ಅಂತ ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದು, ಈಗಲೂ ಅದೇ ಅಳತೆ. ಒಣ ಕಡ್ಡಿ, ಒಂದಕ್ಕೊಂದು ಸಿಕ್ಕಿಕೊಂಡ ಕೊಂಬೆ, ಬುಡದಲ್ಲಿ ಸಣಕಲಾಗಿ ಎದ್ದಿರುವುದು ಎಲ್ಲವನ್ನೂ ತೆಗೆದು, ದಪ್ಪ ಕೊಂಬೆಗಳನ್ನು ಒಂದೂವರೆ ಅಡಿಗೆ ನಿಲ್ಲಿಸಿ, ಉಳಿದ ಎಲೆಗಳನ್ನೂ ಕೈಯಲ್ಲೇ ಕಿತ್ತುಬಿಡುತ್ತೇನೆ. ಆಗ ನೋಡಿದರೆ ಕುಂಡದಲ್ಲಿ ನಾಲ್ಕು ಕಡ್ಡಿ ನೆಟ್ಟ ಹಾಗೆ ಇರುತ್ತದೆ.

ಆಮೇಲೆ ಮೇಲಿನ ಎರಡು ಮೂರು ಇಂಚು ಮಣ್ಣು ತೆಗೆದು, ಬೇರಿಗೆ ಪೆಟ್ಟಾಗದಂತೆ ಕೆದಕಿ, ಕಳಿತ ಸಗಣಿ ಗೊಬ್ಬರದ ಜೊತೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬುತ್ತೇನೆ. ಅವತ್ತಿನಿಂದ ನೀರು ಧಾರಾಳ. ಚಿಗುರು ಕಾಣಿಸಿದ ಮೇಲೆ ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಹತ್ತು ಪಾಲು ನೀರು ಬೆರೆಸಿ ತೆಳ್ಳಗೆ ಮಾಡಿ. ವಾಸನೆ ಎರಡು ದಿನ ಇರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಯೂರಿಯಾ ಹಾಕುವುದನ್ನು ನಾನು ಒಪ್ಪುವುದಿಲ್ಲ. ಎಲೆ ದಟ್ಟವಾಗುತ್ತದೆ, ಮೊಗ್ಗು ಹಿಂದೆ ಬೀಳುತ್ತದೆ.

ಶಿವರಾತ್ರಿ ಹೊತ್ತಿಗೆ ಆ ಬೋಳು ಕಡ್ಡಿಗಳ ಪ್ರತಿ ಗಿಣ್ಣಿನಲ್ಲೂ ತಿಳಿಹಸಿರು ಚಿಗುರು. ಅದನ್ನು ನೋಡಲೆಂದೇ ಕಾಫಿ ಲೋಟ ಹಿಡಿದು ಮೇಲೆ ಹತ್ತುತ್ತೇನೆ. ಚಿಗುರು ಗೇಣುದ್ದ ಆದಾಗ ತುದಿಯನ್ನು ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಮೂರು ಮೊಗ್ಗು ಒಟ್ಟಿಗೆ ಇರುತ್ತವೆ, ನಡುವಿನದು ದಪ್ಪ, ಅಕ್ಕಪಕ್ಕದವು ಚಿಕ್ಕವು. ಮೊದಲು ಅರಳುವುದು ನಡುವಿನದು. ಅದನ್ನು ಕೊಯ್ಯುವಾಗ ಗೊಂಚಲನ್ನೇ ಚಿವುಟಿಬಿಟ್ಟರೆ ಉಳಿದೆರಡು ಹೋದವು, ಹಾಗಾಗಿ ಹೆಬ್ಬೆರಳು ತೋರುಬೆರಳಲ್ಲಿ ಆ ಒಂದನ್ನೇ ಹಿಡಿದು ಮೆಲ್ಲಗೆ ಬಿಡಿಸಬೇಕು. ಇವತ್ತು ರಾತ್ರಿ ಅರಳುವ ಮೊಗ್ಗು ಸಂಜೆಗೆ ಅಚ್ಚ ಬಿಳಿ, ಮುಟ್ಟಿದರೆ ತುಂಬಿಕೊಂಡಿರುತ್ತದೆ. ಹಸಿರು ಛಾಯೆ ಇದ್ದರೆ ನಾಳೆಗೋ ನಾಡಿದ್ದಿಗೋ. ಮಕ್ಕಳಿಗೆ ಈ ವ್ಯತ್ಯಾಸ ಹೇಳಿಕೊಟ್ಟರೆ ನಮಗಿಂತ ಬೇಗ ಹಿಡಿದುಬಿಡುತ್ತಾರೆ.

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿದರೆ, ಸಣ್ಣ ತೂತು ಕಂಡರೆ ಒಳಗೆ ಹುಳ ಇದೆ ಅಂತಲೇ ಲೆಕ್ಕ. ಅಂಥ ಮೊಗ್ಗುಗಳನ್ನು ಕಿತ್ತು ದೂರ ಹಾಕಿ, ಕುಂಡದಲ್ಲೇ ಬಿಡಬೇಡಿ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಏಪ್ರಿಲ್ ಒಣ ಹವೆಯಲ್ಲಿ ಎಲೆ ಅಡಿ ಕೆಂಪು ನುಸಿ ಬರುತ್ತದೆ, ಅದಕ್ಕೆ ಪೈಪಿನಿಂದ ಎಲೆಯ ಹಿಂಭಾಗ ತೊಳೆದರೆ ಬಹಳ ಮಟ್ಟಿಗೆ ಹೋಗುತ್ತದೆ.

ಯುಗಾದಿಗೆ ದೇವರ ಫೋಟೋಗೆ ಮನೆಯದೇ ಹೂವು. ಅಲ್ಲಿಂದ ಮುಂದೆ ಜೋರು. ಚೈತ್ರ ಹುಣ್ಣಿಮೆಗೆ ಬೆಂಗಳೂರು ಕರಗ, ಧರ್ಮರಾಯನ ಗುಡಿಯಿಂದ ರಾತ್ರಿ ಹೊರಡುವ ಆ ಹೂವಿನ ಕರಗಕ್ಕೆ ದಾರಿಯುದ್ದಕ್ಕೂ ಜನ ಮಲ್ಲಿಗೆ ಚೆಲ್ಲುತ್ತಾರೆ. ಕರಗ ಹೊರುವ ತಿಗಳರು ತಲೆಮಾರುಗಳಿಂದ ಈ ಊರಿನ ಹೂವು, ತರಕಾರಿ ತೋಟ ಮಾಡಿದವರು. ನಾನು ಮನೆಯ ಮೊಗ್ಗನ್ನೇ ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಹೋಗುತ್ತೇನೆ. ಮಣ್ಣಿನ ಕೆಲಸ ಗೊತ್ತಿದ್ದವರ ಹಬ್ಬಕ್ಕೆ ನನ್ನ ಕೈಯಿಂದ ಬೆಳೆದದ್ದು ಹೋಗಬೇಕು ಅನ್ನುವ ಆಸೆ ನನಗೆ ತುಂಬಾ ಇದೆ.

ಉಳಿದ ದಿನ ಸಂಜೆ ಮೊಗ್ಗು ಬಿಡಿಸಿ ತಂದು, ಒದ್ದೆ ಮಾಡಿದ ಬಾಳೆ ನಾರಿನಲ್ಲಿ ಕಟ್ಟುತ್ತೇನೆ. ದಾರಕ್ಕಿಂತ ನಾರೇ ಒಳ್ಳೆಯದು, ತೇವ ಹಿಡಿದಿಟ್ಟುಕೊಳ್ಳುತ್ತದೆ, ಮೊಗ್ಗಿನ ತೊಟ್ಟು ಕತ್ತರಿಸುವುದಿಲ್ಲ. ಕೆಳಗಿನ ಮನೆಯ ಅಜ್ಜಿಗೆ ಒಂದು ಮೊಳ, ಎದುರುಮನೆ ಹುಡುಗಿಗೆ ಒಂದು ತುಂಡು. ಉಳಿದದ್ದು ನೀರಿನ ಬಟ್ಟಲಲ್ಲಿ ಹಾಕಿ ಮಲಗುವ ಕೋಣೆಯಲ್ಲಿಟ್ಟರೆ, ಏಪ್ರಿಲ್ ಸೆಕೆಯಲ್ಲೂ ಹಾಯಾಗಿ ನಿದ್ದೆ ಬರುತ್ತದೆ.

ಒಂದು ಸುತ್ತು ಹೂವು ಮುಗಿದ ತಕ್ಷಣ, ಹೂ ಬಿಟ್ಟ ತುದಿಗಳನ್ನು ಎರಡು ಮೂರು ಗಿಣ್ಣು ಕೆಳಗೆ ಕತ್ತರಿಸಿ, ಮತ್ತೆ ಹಿಂಡಿ ನೀರು ಕೊಡಿ. ಇನ್ನೊಂದು ಸುತ್ತು ಬರುತ್ತದೆ. ಜೂನ್ ಮಳೆ ಹಿಡಿದ ಮೇಲೆ ಕತ್ತರಿಸಿದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದವನ್ನು ಆರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆರಳಲ್ಲಿ ನೆಟ್ಟರೆ ಬೇರು ಬಿಡುತ್ತವೆ. ನಮ್ಮ ಬೀದಿಯಲ್ಲಿ ಈಗ ಕೆಲವು ಮನೆಗಳಲ್ಲಿ ಇರುವುದು ದೊಡ್ಡಮ್ಮನ ಗಿಡದ್ದೇ ಕಡ್ಡಿ.