ಡಿಸ್ಕ್‌ನ ಬೀಗಕ್ಕೆ ಬೆರಳುದ್ದದ ಕೀಲಿ ಕೈ

ಕಳೆದ ವರ್ಷ ರಾತ್ರಿ ಬಸ್ಸಿನಲ್ಲಿ ವಕೀಲ ಮಿತ್ರರೊಬ್ಬರ ಲ್ಯಾಪ್‌ಟಾಪ್ ಚೀಲ ಕಳುವಾಯಿತು. ಬೆಳಗಾಗುತ್ತಲೇ ಫೋನ್ ಮಾಡಿದರು. ಯಂತ್ರ ಹೋದ ಬೇಸರಕ್ಕಿಂತ ದೊಡ್ಡ ಭಯ ಅವರ ದನಿಯಲ್ಲಿತ್ತು. ‘ಅದರಲ್ಲಿ ಕೌಟುಂಬಿಕ ನ್ಯಾಯಾಲಯದ ಕಡತಗಳಿವೆ. ಹೆಣ್ಣುಮಕ್ಕಳು ನನ್ನನ್ನು ನಂಬಿ ಹೇಳಿಕೊಂಡದ್ದೆಲ್ಲ ಇದೆ. ಯಾರಾದರೂ ಓದಬಹುದೇ?’ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯಲ್ಲ (ಕೀಲಿಯಿಲ್ಲದೆ ಓದಲಾಗದಂತೆ ಗುಪ್ತಲಿಪಿಯಲ್ಲಿದೆಯಲ್ಲ), ಚಿಂತೆ ಬೇಡ ಎನ್ನಲು ಹೊರಟವನು, ಪಾಸ್‌ವರ್ಡ್ ಎಂಥದ್ದು ಎಂದು ಕೇಳಿದೆ. ಮಗಳ ಹೆಸರು, ಅದರ ಮುಂದೆ ಅವಳು ಹುಟ್ಟಿದ ವರ್ಷ. ಆಮೇಲೆ ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಅವರ ಹೊಸ ಲ್ಯಾಪ್‌ಟಾಪ್‌ಗೆ ಬೇರೆ ವ್ಯವಸ್ಥೆ ಮಾಡಿಕೊಟ್ಟೆ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಸೆಕ್ಯುರಿಟಿ ಕೀ, ಅಂದರೆ ಟೋಕನ್, ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಅದನ್ನು ಹೊಂದಿಸುವ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ. ಟೋಕನ್ ನೋಂದಾಯಿಸುವುದು ಐದು ನಿಮಿಷದ ಕೆಲಸ. ಅದು ಕಳೆದುಹೋದ ದಿನಕ್ಕೆಂದು ಮೊದಲೇ ಮಾಡಿಡಬೇಕಾದ ಏರ್ಪಾಡಿಗೆ ಹೆಚ್ಚು ಸಮಯ ಬೇಕು, ಅದಕ್ಕೇ ನಾನು ಹೆಚ್ಚು ಜಾಗ ಕೊಡುತ್ತೇನೆ.

ವಿವರಣೆಗೆ ಫೆಡೋರಾ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಆರಿಸಿಕೊಂಡಿದ್ದೇನೆ. ವಿಂಡೋಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ತನ್ನ ಸಿಸ್ಟಂ ಡಿಸ್ಕ್ ತೆರೆಯಲು ಈ ಬಗೆಯ ಟೋಕನ್ ಒಪ್ಪುವುದಿಲ್ಲ. ಆಜ್ಞೆಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಬರೆಯುವ ಕಿಟಕಿಯಲ್ಲಿ) ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಮೊದಲಿಗೆ ನಿರ್ವಾಹಕರ ಅಧಿಕಾರ ಕೊಡುವ ‘ಸುಡೊ’ ಪದ ಸೇರಿಸಿ ಟೈಪ್ ಮಾಡಬೇಕು. ಕಾಗುಣಿತದಲ್ಲಿ ಅನುಮಾನ ಬಂದರೆ ಆಜ್ಞೆಯ ಹೆಸರಿನ ಮುಂದೆ ‘--ಹೆಲ್ಪ್’ ಎಂದು ಸೇರಿಸಿ, ಎಲ್ಲ ಆಯ್ಕೆಗಳ ಪಟ್ಟಿ ಬರುತ್ತದೆ.

ಬೀಗದೊಳಗೆ ಏನಿದೆ

ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ರೂಢಿಯ ವಿಧಾನದ ಹೆಸರು ಲಕ್ಸ್. ಡಿಸ್ಕ್‌ನ ಮಾಹಿತಿಯನ್ನೆಲ್ಲ ಒಂದೇ ಒಂದು ಮೂಲ ಕೀಲಿ ಮುಚ್ಚಿಡುತ್ತದೆ. ನಾವು ಹೊಡೆಯುವ ಪಾಸ್‌ವರ್ಡ್ ಆ ಮೂಲ ಕೀಲಿಯನ್ನು ಇಟ್ಟ ಗೂಡಿನ ಬೀಗವನ್ನಷ್ಟೇ ತೆಗೆಯುತ್ತದೆ. ಇಂಥ ಗೂಡುಗಳಿಗೆ ಸ್ಲಾಟ್ ಎನ್ನುತ್ತಾರೆ. ಲಕ್ಸ್‌ನ ಎರಡನೇ ಆವೃತ್ತಿಯಲ್ಲಿ 32 ಸ್ಲಾಟ್‌ಗಳವರೆಗೆ ಅವಕಾಶವಿದೆ. ಪ್ರತಿಯೊಂದರಲ್ಲೂ ಅದೇ ಮೂಲ ಕೀಲಿ, ಬೇರೆ ಬೇರೆ ಬೀಗ. ಯಾವ ಬೀಗ ತೆಗೆದರೂ ಇಡೀ ಡಿಸ್ಕ್ ತೆರೆಯುತ್ತದೆ. ಹಾಗಾಗಿ ಎಲ್ಲಕ್ಕಿಂತ ದುರ್ಬಲವಾದ ಬೀಗದಷ್ಟೇ ಡಿಸ್ಕ್ ಭದ್ರ.

ಟೋಕನ್ ಬಂದಾಗ ನಡೆಯುವುದು ಸೊಗಸಾದ ವ್ಯವಹಾರ. ಡಿಸ್ಕ್‌ನ ಆರಂಭದ ಭಾಗದಲ್ಲಿ, ಅಂದರೆ ಹೆಡರ್‌ನಲ್ಲಿ, ಒಂದು ಯಾದೃಚ್ಛಿಕ ಸಂಖ್ಯೆ ಇರುತ್ತದೆ. ಕಂಪ್ಯೂಟರ್ ಅದನ್ನು ಟೋಕನ್‌ಗೆ ಕಳಿಸುತ್ತದೆ. ಟೋಕನ್ ತನ್ನೊಳಗಿನ ಗುಟ್ಟನ್ನು ಅದರೊಂದಿಗೆ ಬೆರೆಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಆ ಉತ್ತರವೇ ಸ್ಲಾಟ್‌ನ ಬೀಗದ ಕೈ. ಗುಟ್ಟು ಮಾತ್ರ ಟೋಕನ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಹೀಗೆ ಲೆಕ್ಕ ಮಾಡುವ ಶಕ್ತಿಗೆ ಎಚ್‌ಮ್ಯಾಕ್-ಸೀಕ್ರೆಟ್ ಎಂದು ಹೆಸರು. ಕೊಳ್ಳುವ ಮುನ್ನ ಫಿಡೊ2 (ಸೆಕ್ಯುರಿಟಿ ಕೀಗಳ ಈಗಿನ ಮಾನದಂಡ) ಜೊತೆಗೆ ಇದೂ ಇದೆಯೇ ಎಂದು ನೋಡಿ. ಯೂಬಿಕೀ 5 ಸರಣಿಯಲ್ಲಿ ಇದೆ, ನೈಟ್ರೋಕೀ 3ರಲ್ಲೂ ಇದೆ. ಅದಕ್ಕೂ ಹಿಂದಿನ ಮಾನದಂಡವಾದ ಯು2ಎಫ್ ಮಾತ್ರ ಬಲ್ಲ ಹಳೆಯ ಕೀಗಳು ಈ ಕೆಲಸಕ್ಕೆ ಬಾರವು. ಕೊಳ್ಳುವಾಗ ಎರಡು ಕೊಳ್ಳಿ. ಖರ್ಚಾಗುತ್ತದೆ, ಗೊತ್ತು. ಆದರೂ ಎರಡು ಕೊಳ್ಳಿ.

ಮೊದಲು ಹಿಂಬಾಗಿಲು

ಡಿಸ್ಕ್‌ನ ಯಾವ ಭಾಗ ಎನ್‌ಕ್ರಿಪ್ಟ್ ಆಗಿದೆ ಎಂದು ತಿಳಿಯಲು ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆ ಕೊಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದರ ಹೆಸರು ಸಾಮಾನ್ಯವಾಗಿ ಎನ್‌ವಿಎಂಇ ಎಂದು ಆರಂಭವಾಗಿ ಪಿ3 ಎಂಬಂತೆ ಮುಗಿಯುತ್ತದೆ. ಮುಂದೆ ‘ಕ್ರಿಪ್ಟ್‌ಸೆಟಪ್’ ಮತ್ತು ‘ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್’ನ ಪ್ರತಿ ಆಜ್ಞೆಯ ಕೊನೆಯಲ್ಲೂ ‘ಡೆವ್’ ಸಮೇತ ಈ ಹೆಸರು ಬೇಕು, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಂತರ ‘ಕ್ರಿಪ್ಟ್‌ಸೆಟಪ್ ಲಕ್ಸ್‌ಡಂಪ್’ ಕೊಟ್ಟು ಆವೃತ್ತಿ 2 ಎಂದು ಖಚಿತಪಡಿಸಿಕೊಳ್ಳಿ. (‘ಲಕ್ಸ್‌ಡಂಪ್’ನಲ್ಲಿ ಡಿ ಮಾತ್ರ ದೊಡ್ಡಕ್ಷರ.) 1 ಎಂದಿದ್ದರೆ ಮುಂದುವರಿಯಬೇಡಿ, ಕಡತಗಳ ಪ್ರತಿ ತೆಗೆದು, ಲೈವ್ ಪೆನ್‌ಡ್ರೈವ್‌ನಿಂದ (ತನ್ನಲ್ಲೇ ಲಿನಕ್ಸ್ ಇರುವಂಥದ್ದು) ಯಂತ್ರ ಚಾಲೂ ಮಾಡಿ ಮೊದಲು ಅದನ್ನು 2ಕ್ಕೆ ಬದಲಾಯಿಸಬೇಕು.

ಈಗ ಹೆಡರ್‌ನ ಪ್ರತಿ. ‘ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್’ ಆಜ್ಞೆಗೆ (ಇದರಲ್ಲಿ ಎಚ್ ಮತ್ತು ಬಿ ದೊಡ್ಡಕ್ಷರ) ಡಿಸ್ಕ್‌ನ ಹೆಸರನ್ನೂ ಕಡತ ಎಲ್ಲಿಗೆ ಹೋಗಬೇಕೆಂಬುದನ್ನೂ ಕೊಟ್ಟರೆ ಸುಮಾರು 16 ಎಂಬಿ ಗಾತ್ರದ ಕಡತ ಸಿಗುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಯಲ್ಲಿಡಿ. ಹೆಡರ್ ಕೆಟ್ಟರೆ ಟೋಕನ್ ಇದ್ದರೂ ಪಾಸ್‌ವರ್ಡ್ ನೆನಪಿದ್ದರೂ ಡಿಸ್ಕ್ ಮತ್ತೆ ತೆರೆಯದು.

ಮೂರನೆಯದು ರಿಕವರಿ ಕೀ, ಟೋಕನ್ ಇಲ್ಲದಾಗ ಡಿಸ್ಕ್ ತೆರೆಯುವ ತುರ್ತು ಕೀಲಿ. ‘ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್ --ರಿಕವರಿ-ಕೀ’ ಎಂದು ಕೊಟ್ಟು ಈಗಿನ ಪಾಸ್‌ವರ್ಡ್ ಹಾಕಿದರೆ, ಪರದೆಯ ಮೇಲೆ 64 ಅಕ್ಷರಗಳ ಸಾಲು ಬರುತ್ತದೆ, ಎಂಟೆಂಟರ ಗುಂಪಾಗಿ, ನಡುವೆ ಅಡ್ಡಗೆರೆಗಳೊಂದಿಗೆ. ಬಳಕೆಯಾಗುವುದು 16 ಅಕ್ಷರಗಳು ಮಾತ್ರ: ಸಿ, ಬಿ, ಡಿ, ಇ, ಎಫ್, ಜಿ, ಎಚ್, ಐ, ಜೆ, ಕೆ, ಎಲ್, ಎನ್, ಆರ್, ಟಿ, ಯು, ವಿ. ಹಲವು ದೇಶಗಳ ಕೀಲಿಮಣೆಗಳಲ್ಲಿ ಒಂದೇ ಜಾಗದಲ್ಲಿರುವ ಅಕ್ಷರಗಳೆಂದೇ ಇವನ್ನು ಆರಿಸಿದ್ದಾರೆ. ಇದನ್ನು ಮೊಬೈಲ್‌ನಲ್ಲಿ ಫೋಟೊ ತೆಗೆಯಬೇಡಿ, ಅದು ನಿಮಗೆ ತಿಳಿಯದಂತೆ ಕ್ಲೌಡ್‌ಗೆ ಏರಬಹುದು. ಕಾಗದದ ಮೇಲೆ ಕೈಯಿಂದ ಬರೆಯಿರಿ. ಮಿತ್ರರು ಬರೆದದ್ದನ್ನು ನಾನು ಗಟ್ಟಿಯಾಗಿ ಓದಿ ಪರದೆಯೊಂದಿಗೆ ತಾಳೆ ನೋಡಿದೆ. ಎರಡು ಕಡೆ ‘ಯು’ ಹೋಗಿ ‘ವಿ’ ಆಗಿತ್ತು. ಒಂದು ‘ಐ’ಗೆ ಚುಕ್ಕೆ ಬಿಟ್ಟುಹೋಗಿ ‘ಎಲ್’ನಂತೆ ಕಾಣುತ್ತಿತ್ತು. ತಿದ್ದಲು ಹೋಗದೆ ಹೊಸ ಹಾಳೆಯಲ್ಲಿ ಬರೆಸಿದೆ. ಆ ಹಾಳೆ ಈಗ ಅವರ ಮನೆಯ ಬೀರುವಿನಲ್ಲಿ ಮನೆಪತ್ರದ ಜೊತೆಗಿದೆ.

ಟೋಕನ್ ನೋಂದಣಿ

ಹೊಸ ಟೋಕನ್‌ಗೆ ಮೊದಲು ಪಿನ್ ಇಡಬೇಕು. ಕ್ರೋಮ್ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಕೀ ನಿರ್ವಹಿಸುವ ಜಾಗದಲ್ಲೇ ಇದು ಆಗುತ್ತದೆ. ಪಿನ್ ಎಂದರೂ ಅಂಕೆಗಳೇ ಆಗಬೇಕಿಲ್ಲ. ಕನಿಷ್ಠ ನಾಲ್ಕು ಅಕ್ಷರ ಸಾಕು, ನಾನು ಎಂಟು ಇಡಿಸುತ್ತೇನೆ. ಸತತ ಮೂರು ಸಲ ತಪ್ಪಿದರೆ ಟೋಕನ್ ಕಿತ್ತು ಮತ್ತೆ ಸಿಕ್ಕಿಸಬೇಕಾಗುತ್ತದೆ. ಒಟ್ಟು ಎಂಟು ಸಲ ತಪ್ಪಿದರೆ ಅದು ಬೀಗ ಜಡಿದುಕೊಳ್ಳುತ್ತದೆ. ರೀಸೆಟ್ ಮಾಡಿದರೆ ಅದರೊಳಗಿನ ಗುಟ್ಟು ಅಳಿಸಿಹೋಗುತ್ತದೆ. ಡಿಸ್ಕ್‌ನ ಸ್ಲಾಟ್ ಜೊತೆಗೆ, ಅದೇ ಟೋಕನ್‌ನಲ್ಲಿ ಇಟ್ಟುಕೊಂಡ ಇಮೇಲ್ ಲಾಗಿನ್‌ಗಳೂ ಹೋದಂತೆಯೇ.

ಈಗ ‘ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್ --ಫಿಡೊ2-ಡಿವೈಸ್=ಆಟೊ’ ಆಜ್ಞೆ ಕೊಡಿ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ, 2021ರ ಮಾರ್ಚ್‌ನಲ್ಲಿ ಬಂದ 248ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಡಿಸ್ಕ್‌ನ ಪಾಸ್‌ವರ್ಡ್ ಕೇಳುತ್ತದೆ, ಟೋಕನ್‌ನ ಪಿನ್ ಕೇಳುತ್ತದೆ, ಬಳಿಕ ಟೋಕನ್‌ನ ದೀಪ ಮಿನುಗುತ್ತದೆ. ಲೋಹದ ಭಾಗದ ಮೇಲೆ ಬೆರಳಿಡಿ. ದೀಪ ಆರಿ ಮತ್ತೆ ಮಿನುಗಿದರೆ ಮತ್ತೊಮ್ಮೆ ಮುಟ್ಟಿ. ಮೊದಲ ಸಲ ಗುರುತು ಸೃಷ್ಟಿಯಾಗುತ್ತದೆ, ಎರಡನೇ ಸಲ ಅದರಿಂದ ಕೀಲಿ ಹುಟ್ಟುತ್ತದೆ. ಮೊದಲ ಟೋಕನ್ ತೆಗೆದು ಎರಡನೆಯದನ್ನು ಸಿಕ್ಕಿಸಿ ಇಷ್ಟನ್ನೇ ಪುನಃ ಮಾಡಿ. ಕೊನೆಗೆ ಯಾವ ಆಯ್ಕೆಯೂ ಇಲ್ಲದೆ ಆಜ್ಞೆಯ ಹೆಸರು ಮತ್ತು ಡಿಸ್ಕ್‌ನ ಹೆಸರು ಮಾತ್ರ ಕೊಟ್ಟರೆ ಸ್ಲಾಟ್‌ಗಳ ಪಟ್ಟಿ ಬರುತ್ತದೆ. ಯಾವ ಟೋಕನ್ ಯಾವ ಸ್ಲಾಟ್‌ನದು ಎಂದು ಅದರ ಬೆನ್ನಿಗೆ ಸಣ್ಣ ಚೀಟಿ ಅಂಟಿಸಿ.

ಯಂತ್ರ ಚಾಲೂ ಆಗುವಾಗ ಟೋಕನ್ ಹುಡುಕುವಂತೆ ಹೇಳುವುದು ಬಾಕಿ. ‘ಇಟಿಸಿ’ ಕೆಳಗಿನ ‘ಕ್ರಿಪ್ಟ್‌ಟ್ಯಾಬ್’ ಕಡತ ತೆರೆದು ಸಾಲಿನ ನಾಲ್ಕನೇ ಅಂಕಣಕ್ಕೆ ‘ಫಿಡೊ2-ಡಿವೈಸ್=ಆಟೊ’ ಸೇರಿಸಿ. ಅಲ್ಲಿ ಈಗಾಗಲೇ ‘ಡಿಸ್ಕಾರ್ಡ್’ ಎಂದೇನಾದರೂ ಇದ್ದರೆ ಅಲ್ಪವಿರಾಮ ಹಾಕಿ, ಜಾಗ ಬಿಡದೆ ಬರೆಯಿರಿ. ಯಂತ್ರ ಚಾಲೂ ಆಗುವ ಮೊದಲ ಹಂತಕ್ಕೆ ಬೇಕಾದ ಕಡತಗಳನ್ನು ಕಟ್ಟಿಕೊಡುವ ಡ್ರಾಕಟ್‌ನ ಸಂರಚನೆಯಲ್ಲಿ ‘ಫಿಡೊ2’ ಮಾಡ್ಯೂಲ್ ಸೇರಿಸಿ ‘ಡ್ರಾಕಟ್ -ಎಫ್’ ಕೊಡಿ. ಇದು ಈಗ ಓಡುತ್ತಿರುವ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಮಾತ್ರ ಅನ್ವಯಿಸುವುದರಿಂದ, ಏನಾದರೂ ಎಡವಟ್ಟಾದರೆ ಬೂಟ್ ಪಟ್ಟಿಯಲ್ಲಿ ಹಳೆಯ ಕರ್ನಲ್ ಆರಿಸಿ ಪಾಸ್‌ವರ್ಡ್‌ನಿಂದ ಒಳಹೋಗಬಹುದು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬಳಸುವವರು ಗಮನಿಸಿ: ಅಲ್ಲಿ ಇದೇ ಕೆಲಸಕ್ಕೆ ರೂಢಿಯಲ್ಲಿರುವ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್‌ಗೆ ಈ ಸೂಚನೆ ಅರ್ಥವಾಗುವುದಿಲ್ಲ, ಡ್ರಾಕಟ್‌ಗೆ ಬದಲಾಗಬೇಕಾಗುತ್ತದೆ.

ನಾಲ್ಕು ಸಲ ರೀಸ್ಟಾರ್ಟ್

ಒಮ್ಮೆ ಮೊದಲ ಟೋಕನ್‌ನಿಂದ, ಒಮ್ಮೆ ಎರಡನೆಯದರಿಂದ ತೆರೆಯಿರಿ. ಮೂರನೇ ಸಲ ಟೋಕನ್ ಸಿಕ್ಕಿಸದೆ ಸುಮ್ಮನೆ ಕಾಯಿರಿ. ಸುಮಾರು 30 ಸೆಕೆಂಡ್ ಹುಡುಕಿ, ಸಿಗದಾಗ ಯಂತ್ರ ಪಾಸ್‌ವರ್ಡ್ ಕೇಳುತ್ತದೆ. ನಾಲ್ಕನೇ ಸಲ ಅದೇ ಜಾಗದಲ್ಲಿ ರಿಕವರಿ ಕೀಯನ್ನು ಕಾಗದ ನೋಡಿಕೊಂಡು ಅಡ್ಡಗೆರೆ ಸಮೇತ ಹೊಡೆಯಿರಿ. 64 ಅಕ್ಷರ ಹೊಡೆಯುವುದು ಬೇಸರದ ಕೆಲಸ, ಆದರೆ ಇದನ್ನು ಮಾತ್ರ ತಪ್ಪಿಸಬೇಡಿ. ಹೊಡೆದು ನೋಡದೆ ಆ ಕಾಗದ ಸರಿಯಾಗಿದೆ ಎಂದು ಖಚಿತವಾಗುವುದಿಲ್ಲ.

ನಾಲ್ಕೂ ಸರಿಹೋದ ಮೇಲಷ್ಟೇ ಹಳೆಯ ಪಾಸ್‌ವರ್ಡ್‌ನ ಮಾತು. ಮಗಳ ಹೆಸರಿನಂಥದ್ದಾದರೆ ‘ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್’ ಆಜ್ಞೆಯ ‘--ವೈಪ್-ಸ್ಲಾಟ್=ಪಾಸ್‌ವರ್ಡ್’ ಆಯ್ಕೆಯಿಂದ ಅಳಿಸಿಬಿಡಿ; ಅದನ್ನು ಉಳಿಸಿಕೊಂಡರೆ ಟೋಕನ್ ತಂದು ಪ್ರಯೋಜನವೇನು? ಪಾಸ್‌ವರ್ಡ್ ಬೇಕೇ ಬೇಕೆನ್ನುವವರು ಸಂಬಂಧವಿಲ್ಲದ ಆರೇಳು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಇಟ್ಟುಕೊಳ್ಳಲಿ. ಯಂತ್ರ ಚಾಲೂ ಆಗುವ ಆ ಹಂತದಲ್ಲಿ ಕನ್ನಡದ ಕೀಲಿಮಣೆ ವಿನ್ಯಾಸ ಸಿಗುವುದಿಲ್ಲ. ಅಳಿಸಿದ ನಂತರ ಹೆಡರ್‌ನ ಹೊಸ ಪ್ರತಿ ತೆಗೆದು ಹಳೆಯದನ್ನು ನಾಶಮಾಡಿ. ಹಳೆಯ ಪ್ರತಿಯಲ್ಲಿ ಹಳೆಯ ಪಾಸ್‌ವರ್ಡ್‌ನ ಸ್ಲಾಟ್ ಹಾಗೆಯೇ ಇರುತ್ತದೆ. ಅದೂ ಡಿಸ್ಕ್ ಕೂಡ ಒಬ್ಬರ ಕೈಗೇ ಸಿಕ್ಕರೆ ಅಳಿಸಿದ್ದು ಅಳಿಸಿದಂತಾಗಲಿಲ್ಲ.

ಪ್ರಯಾಣ ಹೊರಡುವಾಗ ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿದರೆ ಸಾಲದು, ಪೂರ್ತಿ ಆಫ್ ಮಾಡಿ. ನಿದ್ರೆಯ ಸ್ಥಿತಿಯಲ್ಲಿ ಮೂಲ ಕೀಲಿ ಮೆಮೊರಿಯಲ್ಲೇ ಉಳಿದಿರುತ್ತದೆ. ವಿದ್ಯುತ್ ಕಡಿತಗೊಂಡ ಮೇಲೂ ಸ್ವಲ್ಪ ಹೊತ್ತು ಮೆಮೊರಿಯಿಂದ ಕೀಲಿ ಕದಿಯಬಹುದೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ತೋರಿಸಿದ್ದರು. ಟೋಕನ್ ಲ್ಯಾಪ್‌ಟಾಪ್ ಚೀಲದಲ್ಲಿ ಇರಬಾರದು. ಮಿತ್ರರು ಮನೆಯ ಬೀಗದ ಕೈಗಳ ಗೊಂಚಲಿಗೇ ಅದನ್ನು ಪೋಣಿಸಿಕೊಂಡಿದ್ದಾರೆ, ಇನ್ನೊಂದು ಕಾಗದದ ಪಕ್ಕದಲ್ಲೇ ಬೀರುವಿನಲ್ಲಿದೆ.

ಗೊಂಚಲೇ ಕಳೆದರೆ ಎರಡನೇ ಟೋಕನ್‌ನಿಂದ ಯಂತ್ರ ತೆರೆದು, ಅಂಟಿಸಿದ ಚೀಟಿಯ ಸಂಖ್ಯೆ ನೋಡಿ ಅದು ಯಾವ ಸ್ಲಾಟ್ ಎಂದು ಖಚಿತಪಡಿಸಿಕೊಳ್ಳಿ. ಸ್ಲಾಟ್‌ಗಳ ಪಟ್ಟಿಯಲ್ಲಿ ಫಿಡೊ2 ಎಂದಿರುವ ಇನ್ನೊಂದು ಸಂಖ್ಯೆ ಕಳೆದದ್ದರದು. ‘--ವೈಪ್-ಸ್ಲಾಟ್=’ ಮುಂದೆ ಆ ಸಂಖ್ಯೆ ಬರೆದು ಅಳಿಸಿ, ಹೊಸ ಟೋಕನ್ ನೋಂದಾಯಿಸಿ, ಹೆಡರ್‌ನ ಪ್ರತಿಯನ್ನು ಮತ್ತೆ ತೆಗೆಯಿರಿ.