ನಾಲ್ಕು ಊರು, ನಾಲ್ಕು ಮೈಕು: ಪಾಡ್‌ಕಾಸ್ಟ್ ದನಿ ಸರಿ ಮಾಡುವುದು ಹೇಗೆ?

ನಿರೂಪಕಿ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ, ಒಬ್ಬ ಅತಿಥಿ ಧಾರವಾಡದಲ್ಲಿ, ಇನ್ನೊಬ್ಬರು ಮೈಸೂರಿನಲ್ಲಿ, ಮತ್ತೊಬ್ಬರು ನ್ಯೂಜೆರ್ಸಿಯಲ್ಲಿ. ಕನ್ನಡ ಪಾಡ್‌ಕಾಸ್ಟ್‌ಗಳಲ್ಲಿ ಈಗ ಇಂಥ ಹರಟೆ ಮಾಮೂಲು. ಮಾತು ಚೆನ್ನಾಗಿಯೇ ಇರುತ್ತದೆ. ಆದರೆ ಒಬ್ಬರ ದನಿ ಕಿವಿಯ ಪಕ್ಕದಲ್ಲೇ ಕೇಳುತ್ತದೆ, ಇನ್ನೊಬ್ಬರದು ಬಾವಿಯೊಳಗಿಂದ ಬಂದ ಹಾಗೆ. ಮೂರನೆಯವರ ಮಾತು ನಡುನಡುವೆ ಕಡಿದುಹೋಗುತ್ತದೆ. ವಾಲ್ಯೂಮ್ ಏರಿಸಿ ಇಳಿಸಿ ಸಾಕಾದ ಕೇಳುಗರು ಹತ್ತನೇ ನಿಮಿಷಕ್ಕೆ ಬೇರೇನೋ ಹಾಕಿಕೊಳ್ಳುತ್ತಾರೆ.

ಆಗ ಬಹಳ ಜನ ನಿರೂಪಕರು ತಮಗೊಂದು ದುಬಾರಿ ಮೈಕ್ ಕೊಳ್ಳುತ್ತಾರೆ. ಇದರಿಂದ ತೊಂದರೆ ಇನ್ನೂ ಜಾಸ್ತಿ. ಒಂದು ದನಿ ಹೊಳೆದಷ್ಟೂ ಉಳಿದವು ಮಂಕಾಗಿ ಕೇಳುತ್ತವೆ. ಕೇಳುಗರ ನೆನಪಿನಲ್ಲಿ ಉಳಿಯುವುದು ನಾಲ್ವರಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿದ ದನಿಯೇ. ಹಾಗಾಗಿ ದುಡ್ಡು, ಸಮಯ, ತಾಳ್ಮೆ ಮೂರನ್ನೂ ಆ ಅತಿಥಿಗಾಗಿ ಖರ್ಚು ಮಾಡಿ. ಅದೂ ರೆಕಾರ್ಡಿಂಗ್‌ಗೆ ಮೊದಲೇ.

ಹಿಂದಿನ ದಿನ ಹತ್ತು ನಿಮಿಷದ ಕರೆ

ಪ್ರತಿ ಅತಿಥಿಗೂ ಬೇರೆ ಬೇರೆಯಾಗಿ ವಿಡಿಯೊ ಕರೆ ಮಾಡಿ. ಯಾವ ಕೋಣೆಯಲ್ಲಿ ಕೂರುತ್ತಾರೋ ಅಲ್ಲಿಂದಲೇ ಮಾತಾಡಲು ಹೇಳಿ, ಒಮ್ಮೆ ಚಪ್ಪಾಳೆ ತಟ್ಟಿಸಿ. ಸದ್ದು ಅಲ್ಲೇ ನಿಂತರೆ ಕೋಣೆ ಪರವಾಗಿಲ್ಲ. ಚಪ್ಪಾಳೆಯ ಹಿಂದೆ ಟಣ್ಣೆನ್ನುವ ಬಾಲ ಕೇಳಿದರೆ ಕೋಣೆ ಬದಲಿಸಿ.

ಮನೆಯವರು ಹೆಮ್ಮೆಯಿಂದ ತೋರಿಸುವ ಹಾಲ್ ಸಾಮಾನ್ಯವಾಗಿ ಈ ಕೆಲಸಕ್ಕೆ ಬರುವುದಿಲ್ಲ. ನೆಲಕ್ಕೆ ಟೈಲ್ಸ್, ಬೋಳು ಗೋಡೆ, ಗಾಜಿನ ಬಾಗಿಲು, ಎಲ್ಲವೂ ಸದ್ದನ್ನು ವಾಪಸ್ ಎಸೆಯುತ್ತವೆ. ಮಲಗುವ ಕೋಣೆಯೇ ಒಳ್ಳೆಯದು. ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೀರು ಸದ್ದನ್ನು ನುಂಗಿಕೊಳ್ಳುತ್ತವೆ. ಬೀರುವಿನ ಬಾಗಿಲು ತೆರೆದೇ ಇರಲಿ. ಧಾರವಾಡದ ಕಡೆ ಮನೆಯಲ್ಲಿ ಕೌದಿ ಇರುತ್ತದಲ್ಲ, ಅದನ್ನು ಮಾತಾಡುವವರ ಬೆನ್ನ ಹಿಂದೆ ತೂಗುಹಾಕಿಸಿ. ಮುಂದೆ ಅಲ್ಲ, ಹಿಂದೆ. ಮೈಕ್ ಮುಖ ಮಾಡಿರುವುದು ಮಾತಾಡುವವರ ಕಡೆಗೆ, ಹಾಗಾಗಿ ಅವರ ಹಿಂದಿನ ಗೋಡೆಯ ಪ್ರತಿಧ್ವನಿಯೇ ಅದಕ್ಕೆ ಹೆಚ್ಚು ಕೇಳಿಸುವುದು.

ಫ್ಯಾನ್ ಆರಿಸಲೇಬೇಕು. ಬೇಸಿಗೆಯಲ್ಲಿ ಇದು ಹಿಂಸೆ, ಅದಕ್ಕೇ ಬೆಳಿಗ್ಗೆ ಆರೂವರೆ ಒಳ್ಳೆಯ ಹೊತ್ತು. ಆಗ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಒಂಬತ್ತು ಗಂಟೆ, ಅಲ್ಲಿನ ಚಳಿಗಾಲದಲ್ಲಾದರೆ ಎಂಟು. ಆದರೆ ಮಿಕ್ಸಿ, ಕುಕ್ಕರ್ ಒಂದು ಗಂಟೆ ತಡವಾಗಲಿ ಅಂತ ಅಡುಗೆಮನೆಯ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು.

ಹಿನ್ನೆಲೆಯಲ್ಲಿ 'ಗುಂಯ್' ಅನ್ನುವ ಸದ್ದು ಇದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಎಡಿಟಿಂಗ್‌ನಲ್ಲಿ ತೆಗೆಯಬಹುದು. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುತ್ತದೆ, ಅಮೆರಿಕದ್ದು 60. ಆದ್ದರಿಂದ ಇಲ್ಲಿಯವರ ಗುಂಯ್ ಸದ್ದನ್ನು 50, 100ರಲ್ಲಿ ಹುಡುಕಿ, ನ್ಯೂಜೆರ್ಸಿಯವರದನ್ನು 60, 120ರಲ್ಲಿ.

ವೈರ್ ಇರುವ ಇಯರ್‌ಫೋನ್

ಎಲ್ಲರೂ ಇಯರ್‌ಫೋನ್ ಹಾಕಲೇಬೇಕು. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಕೇಳುತ್ತ ಕೂತರೆ ಇತರರ ಮಾತು ಇವರ ಮೈಕಿಗೆ ನುಗ್ಗುತ್ತದೆ. ಅದನ್ನು ತಡೆಯಲು ಕರೆಯ ಆ್ಯಪ್ ಇವರ ಮಾತನ್ನೇ ಕತ್ತರಿಸುತ್ತದೆ. ಬ್ಲೂಟೂತ್ ಬೇಡ. ಹಾಡು ಕೇಳುವಾಗ ಚೆನ್ನಾಗಿರುವ ಹೆಡ್‌ಸೆಟ್ ಕೂಡ ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಒಂದೇ ಸಂಪರ್ಕದಲ್ಲಿ ಹೋಗುವುದನ್ನೂ ಬರುವುದನ್ನೂ ತುರುಕಬೇಕಲ್ಲ!

ಅವರವರ ದನಿ ಅವರವರ ಬಳಿಯೇ ರೆಕಾರ್ಡ್ ಆಗಲಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಕರೆಯಲ್ಲಿ ದನಿ ಚೂರುಚೂರಾಗಿ ಪ್ರಯಾಣ ಮಾಡುತ್ತದೆ. ನೆಟ್ ಕೈಕೊಟ್ಟಾಗ ಕೆಲವು ಚೂರು ದಾರಿಯಲ್ಲೇ ಕಳೆದುಹೋಗುತ್ತವೆ. ಕಳೆದುಹೋದ ಅಕ್ಷರವನ್ನು ಆಮೇಲೆ ಯಾವ ಸಾಫ್ಟ್‌ವೇರೂ ಹುಡುಕಿ ತರಲಾರದು. ಅದೇ ಅತಿಥಿಯ ಯಂತ್ರದಲ್ಲೇ ರೆಕಾರ್ಡ್ ಆದರೆ ನೆಟ್ ಪೂರ್ತಿ ಹೋದರೂ ಅವರ ಮಾತು ಇಡಿಯಾಗಿ ಉಳಿಯುತ್ತದೆ.

ಸುಲಭದ ದಾರಿ ರಿವರ್‌ಸೈಡ್, ಜೆನ್‌ಕಾಸ್ಟರ್‌ನಂಥ ತಾಣಗಳು. ಅತಿಥಿ ಒಂದು ಲಿಂಕ್ ಒತ್ತಿದರೆ ಸಾಕು, ಬ್ರೌಸರ್ ಅಲ್ಲೇ ರೆಕಾರ್ಡ್ ಮಾಡಿ ಫೈಲನ್ನು ಮೇಲೆ ಕಳಿಸುತ್ತದೆ. ಅಪ್‌ಲೋಡ್ ಮುಗಿಯುವ ತನಕ ಟ್ಯಾಬ್ ಮುಚ್ಚಬೇಡಿ ಅಂತ ಮಾತ್ರ ಒತ್ತಿ ಹೇಳಿ. 'ಬರ್ತೀನಿ, ನಮಸ್ಕಾರ' ಅಂದ ತಕ್ಷಣ ಲ್ಯಾಪ್‌ಟಾಪ್ ಮಡಚುವವರೇ ಹೆಚ್ಚು.

ಝೂಮ್‌ನಲ್ಲೂ ಪ್ರತಿಯೊಬ್ಬರಿಗೆ ಬೇರೆ ಆಡಿಯೊ ಫೈಲ್ ಉಳಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ಫೈಲ್ ಬೇರೆ ಬೇರೆಯಾದರೂ ಅದರಲ್ಲಿರುವುದು ನೆಟ್ ಮೇಲೆ ಸವೆದು ಬಂದ ದನಿಯೇ.

ನನಗೆ ಹೆಚ್ಚು ಇಷ್ಟವಾದದ್ದು ಬಿಟ್ಟಿ ದಾರಿ. ಅತಿಥಿ ಲ್ಯಾಪ್‌ಟಾಪ್‌ನಲ್ಲಿ ಕರೆಗೆ ಬರಲಿ, ಇಯರ್‌ಫೋನ್ ಅದಕ್ಕೇ ಸಿಕ್ಕಿಸಲಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವಾಯ್ಸ್ ರೆಕಾರ್ಡರ್ ಆನ್ ಮಾಡಿ ಮುಂದೆ ಇಟ್ಟುಕೊಳ್ಳಲಿ. ಲ್ಯಾಪ್‌ಟಾಪ್ ಇಲ್ಲದವರು ಒಂದು ಫೋನಿನಲ್ಲಿ ಕರೆ, ಮನೆಯವರ ಇನ್ನೊಂದು ಫೋನಿನಲ್ಲಿ ರೆಕಾರ್ಡಿಂಗ್ ಮಾಡಬಹುದು. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ವಾಯ್ಸ್ ಮೆಮೊಸ್‌ನ ಆಡಿಯೊ ಗುಣಮಟ್ಟವನ್ನು 'ಲಾಸ್‌ಲೆಸ್' (ದನಿಯನ್ನು ಹಿಂಡದೆ ಪೂರ್ತಿ ಉಳಿಸುವ ಆಯ್ಕೆ) ಮಾಡಿಸಿ. ಇಯರ್‌ಫೋನ್ ವೈರಿನಲ್ಲಿರುವ ಪುಟ್ಟ ಮೈಕಿಗಿಂತ ಇದು ಎಷ್ಟೋ ವಾಸಿ. ಆ ಮೈಕ್ ಅಂಗಿಯ ಗುಂಡಿಗೋ ಸರಕ್ಕೋ ಉಜ್ಜುತ್ತಲೇ ಇರುತ್ತದೆ.

ಫೋನ್ ಎಷ್ಟು ದೂರ ಇರಬೇಕು? ಮೈಸೂರಿನ ನಿವೃತ್ತ ಮೇಷ್ಟ್ರಿಗೆ ಸೆಂಟಿಮೀಟರ್ ಲೆಕ್ಕ ಹೇಳಿ ಪ್ರಯೋಜನವಿಲ್ಲ.

'ಸರ್, ಬಲಗೈ ಬೆರಳು ಪೂರ್ತಿ ಅಗಲಿಸಿ. ಹೆಬ್ಬೆರಳು ತುಟಿ ಹತ್ತಿರ ಇರಲಿ. ಈಗ ಕಿರುಬೆರಳು ತಾಗೋ ಕಡೆ ಫೋನ್ ಇಡಿ.'

'ಇಷ್ಟು ಹತ್ತಿರಾನಾ? ಕೂಗಿದ ಹಾಗೆ ಆಗಲ್ವಾ?'

'ಇಲ್ಲ ಸರ್, ಹತ್ತಿರ ಇದ್ರೆ ನೀವು ಮೆಲ್ಲಗೇ ಮಾತಾಡಬಹುದು.'

ಒಂದು ಗೇಣು, ಅಷ್ಟೇ. ನಾಲ್ಕೈದು ಪುಸ್ತಕ ಪೇರಿಸಿ, ಮೇಲೊಂದು ಟವೆಲ್ ಮಡಚಿ ಹಾಕಿ ಅದರ ಮೇಲೆ ಫೋನ್ ಇಟ್ಟರೆ ಮೇಜು ಕುಟ್ಟಿದ ಸದ್ದೂ ಬರುವುದಿಲ್ಲ. ಫೋನ್ ಬಾಯಿಗೆ ನೇರ ಬೇಡ, ತುಸು ಓರೆಯಾಗಿರಲಿ. ಪ, ಫ, ಭ ಬಂದಾಗ ಗಾಳಿ ಮೈಕಿಗೆ ಬಡಿಯುವುದು ತಪ್ಪುತ್ತದೆ. ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಲ್ಲೇ ಇರುತ್ತದೆ. ದುಡ್ಡು ಕೊಟ್ಟರೂ ಸಿಗದ ಲಾಭ ಇದು.

ಮಾತು ಶುರುವಾಗುವ ಮುನ್ನ

ಎಲ್ಲರ ರೆಕಾರ್ಡರ್ ಓಡುತ್ತಿದೆಯೇ ಅಂತ ಒಬ್ಬೊಬ್ಬರನ್ನೇ ಕೇಳಿ. 'ಒಂದು, ಎರಡು, ಮೂರು' ಎಂದು ಎಣಿಸಿ ಎಲ್ಲರಿಂದಲೂ ಚಪ್ಪಾಳೆ ಹೊಡೆಸಿ. ನೆಟ್ಟಿನ ವಿಳಂಬದಿಂದ ಅವು ಒಟ್ಟಿಗೆ ಬೀಳುವುದಿಲ್ಲ, ಚಿಂತೆ ಬೇಡ. ನಿಮ್ಮ ಕರೆಯನ್ನೂ ಒಂದು ಕಡೆ ರೆಕಾರ್ಡ್ ಮಾಡಿಟ್ಟುಕೊಂಡರೆ, ಪ್ರತಿ ಫೈಲಿನ ಚಪ್ಪಾಳೆಯನ್ನು ಅದರಲ್ಲಿರುವ ಅವರದೇ ಚಪ್ಪಾಳೆಗೆ ಕೂಡಿಸಬಹುದು. ಕೊನೆಯಲ್ಲೂ ಒಂದು ಚಪ್ಪಾಳೆ ಇರಲಿ. ಆಮೇಲೆ ಹತ್ತು ಸೆಕೆಂಡ್ ಎಲ್ಲರೂ ಸುಮ್ನೆ ಕೂರಬೇಕು. ಆ ಖಾಲಿ ಕೋಣೆಯ ಸದ್ದು ಎಡಿಟಿಂಗ್‌ಗೆ ಬೇಕು.

ಮಾತಿನ ನಡುವೆ 'ಹೂಂ', 'ಹೌದೌದು' ಅನ್ನುವುದು ನಮ್ಮವರ ಅಭ್ಯಾಸ. ಎದುರು ಕೂತಾಗ ಅದು ಚೆಂದ. ಕರೆಯಲ್ಲಿ ಒಬ್ಬರ 'ಹೂಂ' ಇನ್ನೊಬ್ಬರ ಅರ್ಧ ವಾಕ್ಯವನ್ನೇ ಮುಚ್ಚಿಬಿಡಬಹುದು. ವಿಡಿಯೊ ಆನ್ ಇಟ್ಟು ತಲೆಯಾಡಿಸಲು ಹೇಳಿ. ಬಳೆ, ಪೆನ್ನಿನ ಟಿಕ್‌ಟಿಕ್ ಬಗ್ಗೆಯೂ ಈಗಲೇ ಒಂದು ಮಾತು ಹೇಳಿಬಿಡಿ.

ಫೈಲ್ ತರಿಸಿಕೊಳ್ಳುವಾಗ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಆಗಿ ಬೇಡ, ಅಲ್ಲಿ ದನಿ ಹಿಂಡಿಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಲಿ, ಇಲ್ಲವೇ ಡ್ರೈವ್‌ಗೆ ಹಾಕಲಿ. ದನಿಯನ್ನು ಹಿಂಡದೆ ಉಳಿಸುವ ವೇವ್ ಫೈಲ್ ಒಂದು ಗಂಟೆಯದು, 48 ಕಿಲೋಹರ್ಟ್ಸ್, 16 ಬಿಟ್, ಮೋನೊ (ಒಂದೇ ಚಾನೆಲ್) ಆದರೆ ಸುಮಾರು 345 ಎಂಬಿ. ಅತಿಥಿಗೆ ಮೊದಲೇ ಹೇಳಿದರೆ ವೈಫೈ ಇರುವಾಗ ಕಳಿಸುತ್ತಾರೆ.

ಎಡಿಟಿಂಗ್: ಕಡಿಮೆ ಮಾಡಿದಷ್ಟೂ ಒಳ್ಳೆಯದು

ಆಡಾಸಿಟಿ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಉಚಿತ, ಇಷ್ಟು ಕೆಲಸಕ್ಕೆ ಧಾರಾಳ ಸಾಕು. ನಾಲ್ಕೂ ಫೈಲ್ ಜೊತೆ ಕರೆಯ ರೆಕಾರ್ಡಿಂಗನ್ನೂ ಹಾಕಿ, ಪ್ರತಿ ಫೈಲಿನ ಮೊದಲ ಚಪ್ಪಾಳೆಯನ್ನು ಅದರಲ್ಲಿರುವ ಅವರದೇ ಚಪ್ಪಾಳೆಗೆ ಹೊಂದಿಸಿ, ಕೊನೆಯ ಚಪ್ಪಾಳೆ ನೋಡಿ. ಅಲ್ಲಿ ತುಸು ಹಿಂದೆಮುಂದೆ ಆಗಿರಬಹುದು. ಪ್ರತಿ ಯಂತ್ರದ ಗಡಿಯಾರವೂ ಒಂಚೂರು ಬೇರೆ ವೇಗದಲ್ಲಿ ಓಡುತ್ತದೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್ ಸರಿಯುತ್ತದೆ. ಅಷ್ಟು ಸಾಕು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಂತೆ ಕೇಳಲು. ಮಾತಿಲ್ಲದ ಜಾಗದಲ್ಲಿ ಟ್ರ್ಯಾಕ್ ತುಂಡು ಮಾಡಿ ಸರಿಸಿದರೆ ಮುಗಿಯಿತು.

ಮುಂದೆ, ಒಬ್ಬರು ಮಾತಾಡುವಾಗ ಉಳಿದ ಮೂವರ ಟ್ರ್ಯಾಕ್ ಮೌನವಾಗಿರಲಿ. ನಾಲ್ಕು ಕೋಣೆಗಳ ಗದ್ದಲ ಒಟ್ಟು ಸೇರಿದರೆ ಒಂದಕ್ಕಿಂತ 6 ಡೆಸಿಬೆಲ್ ಜಾಸ್ತಿ. ಈ ಕೆಲಸವನ್ನು ನಾಯ್ಸ್ ಗೇಟ್ (ದನಿ ಒಂದು ಮಟ್ಟಕ್ಕಿಂತ ಇಳಿದಾಗ ಟ್ರ್ಯಾಕನ್ನು ಮುಚ್ಚುವ ಸಾಧನ) ತಾನಾಗಿಯೇ ಮಾಡುತ್ತದೆ ನಿಜ, ಆದರೆ ಕನ್ನಡಕ್ಕೆ ಅದನ್ನು ಹುಷಾರಾಗಿ ಬಳಸಿ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅಷ್ಟರಲ್ಲಿ ದನಿ ಇಳಿದಿರುತ್ತದೆ. ಗೇಟ್ ಬಿಗಿಯಾದರೆ 'ಒಪ್ಪಿಲ್ಲ' ಅಂದವರ 'ಲ್ಲ'ವನ್ನೇ ನುಂಗುತ್ತದೆ. ನಾನಂತೂ ಕೈಯಲ್ಲೇ ಕತ್ತರಿಸುತ್ತೇನೆ.

ಗದ್ದಲ ತೆಗೆಯಲು ಆ ಹತ್ತು ಸೆಕೆಂಡ್ ಮೌನವನ್ನು ಆಯ್ದು ನಾಯ್ಸ್ ಪ್ರೊಫೈಲ್, ಅಂದರೆ ಯಾವುದು ಗದ್ದಲ ಅಂತ ಸಾಫ್ಟ್‌ವೇರಿಗೆ ತೋರಿಸುವ ಮಾದರಿ, ತೆಗೆದುಕೊಳ್ಳಿ. ಪ್ರತಿ ಟ್ರ್ಯಾಕಿಗೂ ಅದರದೇ ಪ್ರೊಫೈಲ್. 6ರಿಂದ 12 ಡೆಸಿಬೆಲ್ ಇಳಿಸಿದರೆ ಸಾಕು. ಆಸೆಪಟ್ಟು 24 ಇಳಿಸಿದರೆ ದನಿ ನೀರೊಳಗಿಂದ ಬರುತ್ತದೆ. ಎಐ ಬಳಸಿ ದನಿ ತಿಳಿಯಾಗಿಸುವ ಸಾಧನಗಳೂ ಇವೆ, ಅಡೋಬಿ ಪಾಡ್‌ಕಾಸ್ಟ್‌ನಂಥವು. ಕೈಮೀರಿದ ಫೈಲಿಗೆ ಅವು ಆಪದ್ಬಾಂಧವ. ಆದರೆ ಪೂರ್ತಿ ಬಲ ಕೊಟ್ಟರೆ ಕೆಲವೊಮ್ಮೆ ಅಕ್ಷರವೇ ಬದಲಾದಂತೆ ಕೇಳುತ್ತದೆ, ಮೂಲದ ಜೊತೆ ಹೋಲಿಸಿ ನೋಡಿ.

80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ ಪಾಸ್ ಫಿಲ್ಟರ್‌ನಿಂದ ತೆಗೆಯಿರಿ, ಜೋರು ಮಾತು, ಮೆಲುಮಾತಿನ ಅಂತರ ತಗ್ಗಿಸಲು 3:1ರಷ್ಟು ಹಗುರ ಕಂಪ್ರೆಷನ್ ಕೊಡಿ. ಆಮೇಲೆ ನಾಲ್ವರ ದನಿಯನ್ನೂ ಕಿವಿಯಲ್ಲೇ ಒಂದು ಮಟ್ಟಕ್ಕೆ ತನ್ನಿ. ಯಂತ್ರ ಸಮ ಅಂದರೂ ತೆಳು ದನಿ ಹಿಂದೆ ಬೀಳುವುದುಂಟು. ಕೊನೆಗೆ ಇಡೀ ಎಪಿಸೋಡಿಗೆ ಲೌಡ್‌ನೆಸ್ ನಾರ್ಮಲೈಸೇಷನ್, ಅಂದರೆ ಒಟ್ಟು ಸದ್ದನ್ನು ಒಂದು ನಿಗದಿತ ಮಟ್ಟಕ್ಕೆ ತರುವುದು. ಆ್ಯಪಲ್ ಪಾಡ್‌ಕಾಸ್ಟ್ಸ್ ಕೇಳುವುದು ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂಬುದರ ಅಳತೆ) ಆಸುಪಾಸು, ಶಿಖರ ಮೈನಸ್ 1 ಡೆಸಿಬೆಲ್ ದಾಟಬಾರದು. ಸ್ಪಾಟಿಫೈ ಮೈನಸ್ 14ಕ್ಕೆ ಹೊಂದಿಸುತ್ತದೆ. ಮೈನಸ್ 16 ಇಟ್ಟರೆ ಎರಡೂ ಕಡೆ ನಡೆಯುತ್ತದೆ.

ಅಪ್‌ಲೋಡ್ ಮಾಡುವ ಮುಂಚೆ ಒಮ್ಮೆ ಫೋನಿನ ಸ್ಪೀಕರಿನಲ್ಲಿ, ಇನ್ನೊಮ್ಮೆ ಓಡುವ ಬಸ್ಸಿನಲ್ಲಿ ಕೇಳಿ. ಹೆಡ್‌ಫೋನಿನಲ್ಲಿ ಸರಿಯಿದ್ದ ಮೆಲುದನಿ ಬಸ್ಸಿನಲ್ಲಿ ಮಾಯವಾದರೆ ಆ ಟ್ರ್ಯಾಕನ್ನು ಎರಡು ಡೆಸಿಬೆಲ್ ಏರಿಸಿ. ಮೂಲ ಫೈಲುಗಳನ್ನು ಮಾತ್ರ ಕೂಡಲೇ ಅಳಿಸಬೇಡಿ. ಎಪಿಸೋಡ್ ಹೊರಬಂದ ಮೇಲೆ 'ಆ ಒಂದು ಮಾತು ತೆಗೀಬಹುದಾ?' ಅಂತ ಅತಿಥಿಯ ಫೋನ್ ಬರುವುದುಂಟು.