ಹಳೆ ಪಿಂಗಾಣಿ ಜಗ್ಗು: ನೀರು ಸುರಿದು ನೋಡಿ, ಆಮೇಲೆ ರೊಕ್ಕ ಕೊಡಿ

ಮಾದಲಿ ಬಡಿಸಿದ ಮೇಲೆ ಅದರ ಮೇಲೆ ಹಾಲು ಬೀಳಬೇಕು, ತುಪ್ಪ ಬೀಳಬೇಕು. ಸ್ಟೀಲ್ ತಂಬಿಗೆಯಿಂದ ಹಾಲು ಸುರುವಿದರೆ ಅರ್ಧ ತಾಟಿನಾಚೆ ಹೋಗುತ್ತದೆ. ತುಟಿ ಸರಿಯಿರುವ ಹಳೆ ಪಿಂಗಾಣಿ ಜಗ್ಗಿನಿಂದಾದರೆ ಎಳೆಯಾಗಿ ಬಿದ್ದು, ಕೈ ಎತ್ತಿದ ಕೂಡಲೇ ನಿಲ್ಲುತ್ತದೆ. ಹಳೆ ಪಿಂಗಾಣಿ ಕೂಡಿಹಾಕುವ ಬಹಳ ಮಂದಿ ಹೂವು, ಬಣ್ಣ, ಬುಡದ ಮುದ್ರೆಗೆ ಮರುಳಾಗಿ ಈ ತುಟಿಯನ್ನೇ ನೋಡುವುದಿಲ್ಲ. ಕಪಾಟಿನಲ್ಲಿ ಕೂಡ್ರಿಸಲಿಕ್ಕಾದರೆ ಯಾವುದಾದರೂ ನಡೆದೀತು. ಪಂಕ್ತಿಗೆ ಒಯ್ಯುವುದಾದರೆ ಮೊದಲು ತುಟಿ, ಆಮೇಲೆ ಹಿಡಿಕೆ, ಕೊನೆಗೆ ಚೆಂದ.

ಬೆಳಗಾವಿ ದಂಡಿನ ಊರು. ಕ್ಯಾಂಪಿನ ಹಳೆ ಬಂಗಲೆಗಳು ಖಾಲಿಯಾದಾಗ, ವಾಡೆಗಳು ಪಾಲಾದಾಗ, ತಾಮ್ರ-ಹಿತ್ತಾಳೆ ತೂಕಕ್ಕೆ ಮೊದಲು ಹೋಗುತ್ತದೆ. ಪಿಂಗಾಣಿ ತೂಕಕ್ಕೆ ಹೋಗುವುದಿಲ್ಲ, ಗೋಣಿಚೀಲದಲ್ಲಿ ಮೂಲೆ ಸೇರುತ್ತದೆ. ಆದ್ದರಿಂದ ಮೋಡಕಾ (ಗುಜರಿ) ಅಂಗಡಿಯಲ್ಲಿ ಮುಂದೆ ಜೋಡಿಸಿಟ್ಟದ್ದನ್ನು ಬಿಟ್ಟು ಹಿಂದಿನ ಚೀಲ ಕೇಳಿ. ಚೋರ್ಲಾ ಘಾಟು ಇಳಿದರೆ ಗೋವಾದ ಮಾಪ್ಸಾದಲ್ಲಿ ಶುಕ್ರವಾರದ ಸಂತೆ ಇದೆ. ಹೋಗುವಾಗ ಒಂದು ಸಣ್ಣ ಟಾರ್ಚು, ಸರಾಫರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ, ಹಳೆ ಟವೆಲ್ಲು ನಾಲ್ಕು ಒಯ್ಯಿರಿ.

ಅಂಗಡಿಯಲ್ಲಿ ನಾಚಿಕೊಳ್ಳದೆ ಕೇಳಿ: "ಕಾಕಾ, ಒಂದ್ ತಂಬಗಿ ನೀರ ಕೊಡ್ರಿ, ಸುರವಿ ನೋಡ್ತೀನಿ." ಜಗ್ಗು ಮುಕ್ಕಾಲು ತುಂಬಿಸಿ, ಲೋಟಕ್ಕೆ ಸುರುವಿ, ನಡುವೆಯೇ ಝಟ್ಟನೆ ನಿಲ್ಲಿಸಿ. ತುಟಿಯ ಕೆಳಗೆ ಬೆರಳಾಡಿಸಿ. ಒಂದು ಹನಿಯಾದರೆ ಪರವಾಗಿಲ್ಲ; ಹೊಟ್ಟೆಯ ಮೇಲೆ ಇಳಿದು ಬುಡದ ತನಕ ಹರಿದರೆ ಬಿಟ್ಟುಬಿಡಿ. ತುಟಿಯ ಅಂಚು ದಪ್ಪಗೆ, ದುಂಡಗೆ ಇದ್ದರೆ ನೀರು ಅದಕ್ಕೇ ಅಂಟಿಕೊಂಡು ಕೆಳಗೆ ತಿರುಗುತ್ತದೆ. ಅಂಚು ತೆಳ್ಳಗಿದ್ದು ತುಸು ಕೆಳಗೆ ಬಾಗಿದ್ದರೆ ಎಳೆ ಅಲ್ಲೇ ಕಡಿಯುತ್ತದೆ. ಸೋರುವ ಜಗ್ಗು ಮನೆಯಲ್ಲಿ ಈಗಾಗಲೇ ಇದ್ದರೆ ತುಟಿಯ ಅಡಿಗೆ ತುಪ್ಪದ ಬೆರಳು ಸವರಿ. ಒಂದು ಊಟದ ಮಟ್ಟಿಗೆ ನಡೆಯುತ್ತದೆ.

ಹಿಡಿಕೆಯೊಳಗೆ ಮೂರು ಬೆರಳು ಸಲೀಸಾಗಿ ಹೋಗಬೇಕು. ಹಿಡಿಕೆ ಹೊಟ್ಟೆಗೆ ಸೇರುವ ಎರಡೂ ಕಡೆ ಭೂತಗನ್ನಡಿ ಹಿಡಿದು ನೋಡಿ, ಜಗ್ಗಿನ ಸಾವು ಶುರುವಾಗುವುದು ಅಲ್ಲಿಂದಲೇ. ಬಗ್ಗಿ ಬಡಿಸುವವರ ಕೈಗೆ ತುಂಬಿದ ಜಗ್ಗು ಒಂದೂಮುಕ್ಕಾಲು ಕಿಲೋ ಮೀರಿದರೆ ಎರಡನೇ ಸಾಲಿಗೇ ಮಣಿಕಟ್ಟು ನೋಯುತ್ತದೆ. ಇಂಗ್ಲಿಷ್ ಜಗ್ಗುಗಳಿಗೆ ಪೈಂಟ್ ಅಳತೆ. 1 ಪೈಂಟ್ ಅಂದರೆ 568 ಮಿ.ಲೀ. 2 ಪೈಂಟಿನ ಜಗ್ಗನ್ನು ಮುಕ್ಕಾಲು ತುಂಬಿದರೆ ಸುಮಾರು 850 ಮಿ.ಲೀ., ಅಂದರೆ 200 ಮಿ.ಲೀ. ಲೋಟ ನಾಲ್ಕು. ಹನ್ನೆರಡು ಜನರ ಪಂಕ್ತಿಗೆ ನೀರಿಗೆ ಇಂಥವು ಮೂರು, ಹಾಲಿಗೆ 1 ಪೈಂಟಿನವು ಎರಡು, ತುಪ್ಪಕ್ಕೆ ಚಾ ಸೆಟ್ಟಿನ ಪುಟ್ಟ ಹಾಲಿನ ಜಗ್ಗು ಒಂದು. ಎಲ್ಲಾ ಒಂದೇ ಮಾದರಿಯವು ಇರಬೇಕೆಂಬ ಹಟ ಬೇಡ. ನೀಲಿ-ಬಿಳಿ ಅಂತ ಒಂದು ಬಣ್ಣ ಹಿಡಿದರೆ ಬೇರೆ ಬೇರೆ ಮನೆಯ ಸಾಮಾನು ಒಂದೇ ಸಾಲಿನಲ್ಲಿ ಒಪ್ಪುತ್ತದೆ. ತಾಟು ಮಾತ್ರ 10 ಇಂಚಿಗೆ ಕಡಿಮೆ ತರಬೇಡಿ. 8 ಇಂಚಿನದರಲ್ಲಿ ಜೋಳದ ರೊಟ್ಟಿ ಇಟ್ಟರೆ ಎಣ್ಣೆಗಾಯಿಗೆ ಜಾಗ ಎಲ್ಲಿ?

ಬಿರುಕು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ತಾಟನ್ನು ಮೂರು ಬೆರಳ ತುದಿಯ ಮೇಲೆ ಇಟ್ಟು ಉಗುರಿನಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಸುಟ್ಟ ಪಿಂಗಾಣಿ ಟಣ್ಣೆಂದು ಗುಂಯ್ಗುಡುತ್ತದೆ. ಕೂದಲೆಳೆ ಬಿರುಕಿದ್ದರೆ ಠಪ್ಪೆಂದು ಸಾಯುತ್ತದೆ. ದಪ್ಪ ಮಣ್ಣಿನ ಸಾಮಾನು ಚೆನ್ನಾಗಿದ್ದರೂ ಮಂದ ಸದ್ದೇ ಕೊಡುತ್ತದೆ, ಅದರಲ್ಲಿ ಈ ಪರೀಕ್ಷೆ ನಂಬಬೇಡಿ. ಒಳಗೆ ಟಾರ್ಚು ಬಿಟ್ಟು ಹೊರಗಿನಿಂದ ನೋಡಿ. ಇನ್ನೂ ಸಂಶಯವಿದ್ದರೆ ನೀರು ತುಂಬಿಸಿ ಹಳೆ ಪತ್ರಿಕೆಯ ಮೇಲೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಒದ್ದೆ ಉಂಗುರ ಮೂಡಿದ್ದರೆ ಅದು ಹೂದಾನಿಯಷ್ಟೇ. ಹಿಂಭಾಗದಲ್ಲಿ ಲೋಹದ ಸಣ್ಣ ಕೊಂಡಿಗಳು ಕಂಡರೆ ಹಿಂದಿನವರು ತೂತು ಕೊರೆದು ಹೊಲಿದದ್ದು. ನೋಡಲು ಸೊಗಸು, ಸಾರು ಬಡಿಸಲಿಕ್ಕೆ ಆಗದು.

ಬುಡದ ಮುದ್ರೆ ಓದುವುದು ಕಷ್ಟವಲ್ಲ. ಇಂಗ್ಲೆಂಡಿನ ಸಾಮಾನಿನ ಮೇಲೆ ಅಕ್ಷರ-ಅಂಕಿಗಳಿರುವ ವಜ್ರಾಕೃತಿಯ ಗುರುತು ಇದ್ದರೆ ಆ ವಿನ್ಯಾಸ 1842ರಿಂದ 1883ರೊಳಗೆ ನೋಂದಣಿಯಾದದ್ದು. 1884ರಿಂದ ಅದರ ಬದಲು 'ಆರ್‌ಡಿ ನಂ.' ಎಂದು ಸಂಖ್ಯೆ ಬಂತು. ಅಮೆರಿಕದ ಸುಂಕದ ಕಾನೂನಿನಿಂದಾಗಿ 1891ರಿಂದ ದೇಶದ ಹೆಸರು ಹಾಕುವುದು ರೂಢಿಯಾಯಿತು; ಬರೀ 'ಇಂಗ್ಲೆಂಡ್' ಇದ್ದರೆ ಸಾಮಾನ್ಯವಾಗಿ ಆಮೇಲಿನದು, 'ಮೇಡ್ ಇನ್ ಇಂಗ್ಲೆಂಡ್' ಬಹುತೇಕ 20ನೇ ಶತಮಾನದ್ದು. ಜಪಾನಿನ ಸಾಮಾನಿನಲ್ಲಿ 'ನಿಪ್ಪಾನ್' ಇದ್ದರೆ 1921ಕ್ಕಿಂತ ಹಿಂದಿನದೆಂದೂ, 'ಆಕ್ಯುಪೈಡ್ ಜಪಾನ್' ಇದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ, 1952ರೊಳಗಿನದೆಂದೂ ಲೆಕ್ಕ. ಜನ ಮೋಸಹೋಗುವುದು ಇಲ್ಲಿ: ಕಂಪನಿ ಹೆಸರಿನ ಕೆಳಗೆ 1759 ಎಂದಿದ್ದರೆ ಅದು ವೆಜ್‌ವುಡ್ ಶುರುವಾದ ವರ್ಷ, ತಾಟು ಹುಟ್ಟಿದ ವರ್ಷವಲ್ಲ. 'ಮೈಕ್ರೋವೇವ್ ಸೇಫ್' ಎಂದು ಬರೆದದ್ದನ್ನು ಬ್ರಿಟಿಷರ ಕಾಲದ್ದು ಅಂತ ಮಾರುವವರೂ ಇದ್ದಾರೆ. ಬುಡ ನೆಲಕ್ಕೆ ತಾಗುವ ಉಬ್ಬು ಉಂಗುರದ ಸವಕಳಿ ನೋಡಿ. ನಿಜವಾದ ಸವಕಳಿ ಅಡ್ಡಾದಿಡ್ಡಿ ಇರುತ್ತದೆ, ಮರಳುಕಾಗದ ತಿಕ್ಕಿದ್ದು ಒಂದೇ ದಿಕ್ಕಿನ ಗೆರೆ ಬಿಡುತ್ತದೆ. ಕಲ್ಕತ್ತೆಯ ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಪಾಟರೀಸ್‌ನಂಥ ನಮ್ಮ ದೇಶದ ಮುದ್ರೆಗಳನ್ನು ಕಡೆಗಣಿಸಬೇಡಿ. ದಿನಬಳಕೆಗೆ ಗಟ್ಟಿ ಸಾಮಾನು, ಕೇಳುವವರು ಕಡಿಮೆ.

ನಮ್ಮ ಕಡೆ ಒಂದು ಮಾತು ಮೊದಲೇ ತಿಳಿದಿರಲಿ. ಬೋನ್ ಚೈನಾದಲ್ಲಿ ಹೆಚ್ಚುಕಡಿಮೆ ಅರ್ಧ ದನದ ಎಲುಬಿನ ಬೂದಿ. ಲಿಂಗಾಯತರ, ಜೈನರ, ಬ್ರಾಹ್ಮಣರ ಮನೆಯ ಹಿರಿಯರು ಗೊತ್ತಾದ ಮೇಲೆ ಅದರಲ್ಲಿ ಚಾ ಸಹ ಕುಡಿಯಲಿಕ್ಕಿಲ್ಲ. ಟಾರ್ಚಿನ ಬೆಳಕು ಹಾಯ್ದು ಬಣ್ಣ ಬೆಚ್ಚಗಿನ ಹಾಲಿನಂತಿದ್ದರೆ ಬೋನ್ ಚೈನಾ ಇರಬಹುದು. ಬೆಳಕು ಹಾಯ್ದರೂ ತುಸು ನೀಲಿ-ಬೂದು ಛಾಯೆಯಿದ್ದರೆ ಎಲುಬಿಲ್ಲದ ಪಿಂಗಾಣಿ. ಬೆಳಕೇ ಹಾಯದಿದ್ದರೆ ಮಣ್ಣಿನದು ಅಥವಾ ಭರಣಿಯ ಜಾತಿಯದು.

ಹಳೆ ಜಗ್ಗಿನಲ್ಲಿ ಹುಳಿ ಇಡಬೇಡಿ. ಹಳೆಯ ಮೆರುಗಿನಲ್ಲಿ (ಮೇಲಿನ ಗಾಜಿನಂಥ ಪದರದಲ್ಲಿ) ಸೀಸ, ಮೆರುಗಿನ ಮೇಲೆ ಬರೆದ ಕೆಂಪು-ಹಳದಿ ಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಹುಳಿ ಅದನ್ನು ಎಳೆದು ಬಿಡಿಸುತ್ತದೆ. ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡುವುದೇ ಹೀಗೆ: ಶೇ. 4ರ ಅಸಿಟಿಕ್ ಆಮ್ಲ ತುಂಬಿಸಿ 24 ಗಂಟೆ ಇಟ್ಟು, ಎಷ್ಟು ಸೀಸ ಬಿಟ್ಟಿತೆಂದು ಅಳೆಯುತ್ತಾರೆ. ಮಜ್ಜಿಗೆಯನ್ನು ಜಗ್ಗಿನಲ್ಲಿ ರಾತ್ರಿಯೆಲ್ಲ ಬಿಟ್ಟರೆ ಅಡಿಗೆಮನೆಯಲ್ಲಿ ನೀವು ಮಾಡುವುದೂ ಸುಮಾರು ಅದನ್ನೇ. ಮಜ್ಜಿಗೆ, ನಿಂಬೆ ಪಾನಕ, ಸೋಲ್ಕಡಿ, ಕಟ್ಟಿನ ಸಾರು ಎಲ್ಲ ಸ್ಟೀಲಿಗೇ ಇರಲಿ. ಒಳಮೈ ಬಿಳಿಯಾಗಿ, ಗೆರೆಯಿಲ್ಲದೆ ಇರುವ ಜಗ್ಗು ನೀರಿಗೆ, ಹಾಲಿಗೆ, ಅದೂ ಊಟದ ಹೊತ್ತಿಗಷ್ಟೇ. ಕೂಸುಗಳಿಗೂ ಬಸುರಿಯರಿಗೂ ಅದೂ ಬೇಡ. ಉಪ್ಪಿನಕಾಯಿಗೆ ಹಳದಿ-ಬಿಳಿ ಭರಣಿ ಇದೆಯಲ್ಲ. ಒಳಗೆ ಮೆರುಗು ಕಿತ್ತಿಲ್ಲದಿದ್ದರೆ ಅದರ ಕೆಲಸ ಅದು ಮಾಡುತ್ತದೆ.

ಮೆರುಗಿನ ಮೇಲೆ ಜೇಡನ ಬಲೆಯಂಥ ಗೆರೆಗಳು ಏಳುವುದಕ್ಕೆ ಕಾರಣವಿದೆ. ಒಳಗಿನ ಮಣ್ಣು ವರ್ಷಗಟ್ಟಲೆ ತೇವ ಹೀರಿ ಉಬ್ಬುತ್ತದೆ, ಮೇಲಿನ ಗಾಜಿನ ಪದರ ಅಷ್ಟು ಹಿಗ್ಗಲಾರದೆ ಸೀಳುತ್ತದೆ. ಆ ಗೆರೆಯೊಳಗೆ ಜಿಡ್ಡು ಇಳಿದು ಕಂದಾಗುತ್ತದೆ. ಬ್ಲೀಚಿಂಗ್ ಪುಡಿ ಹಾಕಬೇಡಿ. ಉಪ್ಪು ಒಳಗೆ ಉಳಿದು, ಒಣಗಿ ಹರಳುಗಟ್ಟಿ, ಮೆರುಗನ್ನೇ ಎಬ್ಬಿಸುತ್ತದೆ. ಪಾತ್ರೆಯನ್ನು ಮೊದಲು ಒಂದು ದಿನ ಶುದ್ಧ ನೀರಿನಲ್ಲಿ ಮುಳುಗಿಸಿ, ಹೀರುವಷ್ಟು ಹೀರಲಿ, ಇಲ್ಲವಾದರೆ ಕೊಳೆ ಇನ್ನೂ ಒಳಗಿಳಿಯುತ್ತದೆ. ಆಮೇಲೆ ಔಷಧಿ ಅಂಗಡಿಯ ಶೇ. 6ರ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಬೆರೆಸಿ, ಕೈಗವಸು ಹಾಕಿಕೊಂಡು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸಿ; ಮುಚ್ಚಳ ಬಿಗಿಯದೆ ಮೇಲೆ ಇಡಿ ಸಾಕು, ಒಳಗೆ ಗಾಳಿ ಏಳುತ್ತದೆ. ಎರಡು-ಮೂರು ದಿನ ಬೇಕು. ತೆಗೆದ ಮೇಲೆ ನೀರು ಬದಲಿಸುತ್ತ ಎರಡು ದಿನ ನೆನೆಸಿ, ಒಂದು ವಾರ ನೆರಳಲ್ಲಿ ಒಣಗಿಸಿ. ಬೆಳ್ಳಗಾದರೂ ಗೆರೆ ಗೆರೆಯೇ. ಅದರಲ್ಲಿ ಒದ್ದೆ ಪದಾರ್ಥ ಬಡಿಸಬೇಡಿ, ಕರದಂಟು ಇಡಿ. ಬಂಗಾರದ ಅಂಚು ಇದ್ದದ್ದಕ್ಕೆ ಇದೊಂದನ್ನೂ ಮಾಡಬಾರದು.

ಅರಿಷಿಣದ ಕಲೆ ಸುಲಭ: ತೊಳೆದು ಎರಡು ದಿನ ಬಿಸಿಲಿಗೆ ಇಟ್ಟರೆ ತಾನೇ ಹೋಗುತ್ತದೆ. ಚಾದ ಕಂದು ಕಲೆಗೆ ಅಡಿಗೆ ಸೋಡಾದ ಪೇಸ್ಟು, ಬೆರಳಿನಿಂದ. ವಿಜಯಪುರ, ಬಾಗಲಕೋಟೆಯ ಬೋರಿನ ಗಡಸು ನೀರು ಜಗ್ಗಿನ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ತೊಳೆದು ಚೆಲ್ಲಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ, ಕಾರಣ ಮೇಲೆ ಹೇಳಿದ್ದೇ. ಕುದಿಯುವ ಚಾ ಸುರುವುವ ಮೊದಲು ಕೆಟಲಿಗೂ ಕಪ್ಪಿಗೂ ಉಗುರುಬೆಚ್ಚನೆಯ ನೀರು ಹಾಕಿ ಚೆಲ್ಲಿ. ಫ್ರಿಜ್ಜಿನಿಂದ ತೆಗೆದ ಜಗ್ಗಿಗೆ ಬಿಸಿ ಹಾಲು ಹಾಕಿದರೆ ಒಂದೇ ಸದ್ದು, ಅಷ್ಟೇ.

ನೂರು ವರ್ಷ ದಾಟಿದ ಸಾಮಾನು 1972ರ ಕಾನೂನಿನ ಪ್ರಕಾರ ಪುರಾತನ ವಸ್ತುವಾಗಬಹುದು. ಅಂಥದ್ದನ್ನು ಅಮೆರಿಕದ ಮಗಳಿಗೆ ಸೂಟ್‌ಕೇಸಿನಲ್ಲಿ ಕಳಿಸುವಂತಿಲ್ಲ, ವ್ಯಾಪಾರಕ್ಕೆ ಲೈಸೆನ್ಸು ಬೇಕು. ಹೊಸದಾಗಿ ಕೈಯಿಂದ ಮಾಡಿದ್ದು ಬೇಕೆಂದರೆ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಬೆಳಗಾವಿಯಿಂದ ದೂರವೇನಲ್ಲ.

ಎತ್ತಿಡುವಾಗ ತಾಟಿನ ನಡುವೆ ಹಳೆ ಧೋತರದ ತುಂಡು ಹಾಕಿ, ಎಂಟಕ್ಕಿಂತ ಹೆಚ್ಚು ಒಟ್ಟಬೇಡಿ. ಕಪ್ಪನ್ನು ಹಿಡಿಕೆಯಿಂದ ತೂಗುಹಾಕಬೇಡಿ, ಬಶಿಯ ಮೇಲೆ ನೆಟ್ಟಗೆ ಕೂಡ್ರಿಸಿ. ತುಂಬಿದ ಜಗ್ಗನ್ನು ಒಂದು ಕೈ ಹಿಡಿಕೆಗೆ, ಇನ್ನೊಂದು ಬುಡಕ್ಕೆ ಕೊಟ್ಟು ಎತ್ತಿ. ಶಹಾಬಾದ ಫರಸಿಯ ಮೇಲೆ ಇಳಿಸುವಾಗ ಕೆಳಗೆ ಮಡಿಸಿದ ಬಟ್ಟೆ ಇರಲಿ.